ಲಾಗಿನ್ ಆಗಿರುವ ಎಲ್ಲರಿಗೂ ಮೆಸೇಜ್ ಕಳಿಸಿ, ಆಮೇಲೆ ಸರ್ವರ್ ಬಂದ್ ಮಾಡುವ ಸ್ಕ್ರಿಪ್ಟ್ ಬರೆಯುವುದು ಹೇಗೆ?

ಇದೇ ಸ್ಕ್ರಿಪ್ಟನ್ನು ನಾನು ಬರೆದಿದ್ದೆ. ಚಿಕ್ಕಮಗಳೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ ಆಗ. ಅಲ್ಲಿಯ ಮಳೆಗಾಲ ನಿಮಗೆ ಗೊತ್ತೇ ಇರುತ್ತದೆ. ಗಾಳಿ ಎದ್ದಿತು ಅಂದರೆ ಯಾವುದೋ ತೋಟದ ಸಿಲ್ವರ್ ಮರ ಲೈನ್ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಲ್ಯಾಬಿಗೆಲ್ಲ ಒಂದೇ ಲಿನಕ್ಸ್ ಸರ್ವರ್. ಹುಡುಗರ ಮುಂದೆ ಇದ್ದದ್ದು ಥಿನ್ ಕ್ಲೈಂಟ್‌ಗಳು, ಕೆಲಸವೆಲ್ಲ ನಡೆಯುತ್ತಿದ್ದದ್ದು ಸರ್ವರ್‌ನಲ್ಲಿ. ಯುಪಿಎಸ್ ಇತ್ತು, ಆದರೆ ಬ್ಯಾಟರಿ ಹಳೆಯದು. ಹಾಗಾಗಿ ಕರೆಂಟ್ ಹೋದ ಕೂಡಲೇ ಎಲ್ಲರಿಗೂ ಎಚ್ಚರಿಕೆ ಹೋಗಬೇಕು, ಸ್ವಲ್ಪ ಹೊತ್ತಿಗೆ ಸರ್ವರ್ ತಾನಾಗಿಯೇ ಬಂದ್ ಆಗಬೇಕು ಅಂತ ನನಗೂ ಅನಿಸಿತ್ತು.

ಮೊದಲು, ಎಲ್ಲರಿಗೂ ಒಮ್ಮೆಗೇ ಸಂದೇಶ ಕಳಿಸುವ ವಾಲ್ ಕಮಾಂಡ್ ಹಾಕಿದೆ. ಅದು ಟರ್ಮಿನಲ್‌ಗಳಿಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಗಳಿಗೆ ಮಾತ್ರ ಬರೆಯುತ್ತದೆ. ಲಿಬ್ರೆಆಫೀಸ್ ತೆರೆದು ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡುತ್ತಾ ಕೂತವರಿಗೆ ಅದು ಕಾಣಿಸುವುದೇ ಇಲ್ಲ. ಸರಿ, ಪರದೆಯ ಮೂಲೆಯಲ್ಲಿ ಪಾಪ್‌ಅಪ್ ಬರಲಿ ಅಂತ ನೋಟಿಫೈ-ಸೆಂಡ್ ಎಂಬ ಕಮಾಂಡ್ ಹಿಡಿದೆ. ಲಾಗಿನ್ ಆದವರ ಪಟ್ಟಿ ತೆಗೆದು, ಲೂಪ್ ಹಾಕಿ, ಒಬ್ಬೊಬ್ಬರ ಹೆಸರಿಗೂ ಒಂದೊಂದು ಮೆಸೇಜ್. ಸಂಜೆ ಲ್ಯಾಬ್ ಖಾಲಿಯಾದ ಮೇಲೆ ನನ್ನ ಸೀಟಿನಲ್ಲೇ ಕೂತು ಓಡಿಸಿ ನೋಡಿದೆ. ಪಾಪ್‌ಅಪ್ ಚೆನ್ನಾಗಿ ಬಂತು. ಏನೋ ಒಂದು ವಾರ್ನಿಂಗ್ ಸಾಲು ಮಾತ್ರ ಪ್ರತಿ ಸಲ ಬರುತ್ತಿತ್ತು. ಕಿರಿಕಿರಿ ಬೇಡ ಅಂತ ಎರರ್ ಔಟ್‌ಪುಟ್ಟನ್ನೆಲ್ಲ ಡೆವ್ ನಲ್‌ಗೆ ತಿರುಗಿಸಿದೆ. ಅಲ್ಲಿಗೆ ಬರೆದದ್ದೆಲ್ಲ ಮಾಯವಾಗುತ್ತದೆ. ಆಮೇಲೆ ಸ್ಕ್ರಿಪ್ಟನ್ನು ಯುಪಿಎಸ್ ತಂತ್ರಾಂಶಕ್ಕೆ ಜೋಡಿಸಿದೆ. ಅದು ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಅಡ್ಮಿನ್ ಹೆಸರಿನಲ್ಲಿ ಹಿನ್ನೆಲೆಯಲ್ಲಿ ಓಡುತ್ತಿತ್ತು.

ತಪ್ಪಾದದ್ದು ಇಲ್ಲೇ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ನೋಟಿಫೈ-ಸೆಂಡ್ ತಾನೇ ಪರದೆ ಮೇಲೆ ಏನನ್ನೂ ಬರೆಯುವುದಿಲ್ಲ. ಮೆಸೇಜನ್ನು ಡಿ-ಬಸ್ ಎಂಬ ದಾರಿಗೆ ಕೊಡುತ್ತದೆ. ಅದನ್ನು ತೆಗೆದುಕೊಂಡು ತೋರಿಸುವುದು ಡೆಸ್ಕ್‌ಟಾಪ್‌ನ ಕೆಲಸ. ಲಾಗಿನ್ ಆದ ಪ್ರತಿಯೊಬ್ಬರಿಗೂ ಅವರದ್ದೇ ಬಸ್ ಇರುತ್ತದೆ, ಅದರ ವಿಳಾಸ ಅವರ ಸೆಷನ್ನಿನ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ (ಆ ಸೆಷನ್ನಿನಲ್ಲಿ ಓಡುವ ಪ್ರೋಗ್ರಾಂಗಳಿಗೆ ಸಿಗುವ ಒಂದು ಸೆಟ್ಟಿಂಗ್‌ನಲ್ಲಿ) ಇರುತ್ತದೆ. ನನ್ನ ಸೀಟಿನಿಂದ ಓಡಿಸಿದಾಗ ನನ್ನ ಬಸ್ಸಿನ ವಿಳಾಸ ಸಲೀಸಾಗಿ ಸಿಕ್ಕಿತು. ಆಗ ಒಳಗಿದ್ದವನು ನಾನೊಬ್ಬನೇ, ಹಾಗಾಗಿ ಎಲ್ಲರಿಗೂ ಹೋಗುತ್ತದೆ ಅಂದುಕೊಂಡೆ. ಬೇರೆಯವರು ಇದ್ದಿದ್ದರೂ ಅವರ ಮೆಸೇಜೆಲ್ಲ ನನ್ನ ಪರದೆಗೇ ಬರುತ್ತಿತ್ತು! ಹಿನ್ನೆಲೆಯಲ್ಲಿ ರೂಟ್ ಆಗಿ ಓಡಿದಾಗ ಯಾರ ವಿಳಾಸವೂ ಇಲ್ಲ. ಕಮಾಂಡ್ ಸೋಲುತ್ತದೆ, ಸೋತೆ ಅಂತ ಎರರ್ ಕೊಡುತ್ತದೆ. ಆ ಎರರನ್ನು ನಾನೇ ಡೆವ್ ನಲ್‌ಗೆ ಹಾಕಿದ್ದೆ. ಮೆಸೇಜ್ ಹೋಯಿತಾ ಅಂತ ಸ್ಕ್ರಿಪ್ಟ್ ಎಲ್ಲೂ ಕೇಳಿಕೊಳ್ಳುತ್ತಿರಲಿಲ್ಲ. ಕಾಯುವ ಸಮಯ ಮುಗಿದರೆ ನೇರ ಶಟ್‌ಡೌನ್.

ಕೊನೆಯ ವರ್ಷದವರು ರಿಪೋರ್ಟ್ ಮುಗಿಸಲು ಒದ್ದಾಡುತ್ತಿದ್ದ ದಿನಗಳಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಇದೆಯಲ್ಲ ಅಂತ ಎಲ್ಲರೂ ಟೈಪ್ ಮಾಡುತ್ತಲೇ ಇದ್ದರು. ಒಬ್ಬರಿಗೂ ಪಾಪ್‌ಅಪ್ ಬರಲಿಲ್ಲ. ಒಟ್ಟಿಗೆ ಎಲ್ಲ ಪರದೆಗಳೂ ಹೋದವು. ಒಬ್ಬ ಹುಡುಗಿ ಬೆಳಗಿನಿಂದ ಬರೆದ ಅಧ್ಯಾಯವನ್ನು ಒಮ್ಮೆಯೂ ಸೇವ್ ಮಾಡಿರಲಿಲ್ಲ. ಅವಳು ಅಳುತ್ತಿದ್ದರೆ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕರೆಂಟ್ ಸ್ವಲ್ಪ ಹೊತ್ತಿಗೇ ವಾಪಸ್ ಬಂತು, ಬ್ಯಾಟರಿಯಲ್ಲಿ ಚಾರ್ಜ್ ಇನ್ನೂ ಇತ್ತು. ಆ ಸೆಮಿಸ್ಟರ್ ಮುಗಿದ ಮೇಲೆ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ.

ಆದ್ದರಿಂದ ನನ್ನ ಉತ್ತರ: ಈ ಸ್ಕ್ರಿಪ್ಟ್ ಬರೆಯಬೇಡಿ. ಶಟ್‌ಡೌನ್ ಕಮಾಂಡಿಗೇ +10 (ಹತ್ತು ನಿಮಿಷದ ನಂತರ) ಅಂತ ಕೊಟ್ಟು ಪಕ್ಕದಲ್ಲಿ ನಿಮ್ಮ ಸಂದೇಶ ಬರೆದರೆ, ಟರ್ಮಿನಲ್‌ಗಳಿಗೆ ಎಚ್ಚರಿಕೆ ಅದೇ ಕಳಿಸುತ್ತದೆ. ಕೊನೆಯ 5 ನಿಮಿಷದಲ್ಲಿ ಹೊಸಬರ ಲಾಗಿನ್ ತಡೆಯುತ್ತದೆ. ಮನಸ್ಸು ಬದಲಾಯಿಸಿದರೆ ಅದೇ ಕಮಾಂಡಿಗೆ ಮೈನಸ್ ಸಿ ಕೊಟ್ಟು ರದ್ದು ಮಾಡಬಹುದು. ಯುಪಿಎಸ್‌ಗಾಗಿ ಕೇಳುತ್ತಿದ್ದರೆ ನಟ್ ಅಂತ ಒಂದು ಉಚಿತ ತಂತ್ರಾಂಶ ಇದೆ, ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ಕರೆಂಟ್ ಹೋದಾಗ ವಾಲ್ ಮೂಲಕ ಅದು ತಾನೇ ತಿಳಿಸುತ್ತದೆ. ಬಂದ್ ಮಾಡುವುದು ಮಾತ್ರ ಬ್ಯಾಟರಿ ಇಳಿದಾಗ, ಕರೆಂಟ್ ಹೋದ ಕೂಡಲೇ ಅಲ್ಲ. ಮಲೆನಾಡಿನಲ್ಲಿ ಇದು ಬಹಳ ದೊಡ್ಡ ವ್ಯತ್ಯಾಸ. ನಮ್ಮಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ. ಪ್ರತಿ ಸಲ ಸರ್ವರ್ ಯಾಕೆ ಬಂದ್ ಮಾಡಬೇಕು?

ವಾಲ್ ಬಳಸುವುದಾದರೆ ಎರಡು ಮಾತು. ಟರ್ಮಿನಲ್ಲಿನಲ್ಲಿ ಓಡುವ ಎಡಿಟರ್ ವಿಮ್ ತೆರೆದು ಕೂತವರ ಪರದೆ ಮೇಲೆ ಸಂದೇಶ ಅಡ್ಡಾದಿಡ್ಡಿ ಬಿದ್ದು, ಫೈಲಿನೊಳಗೇ ಸೇರಿಹೋದಂತೆ ಕಾಣುತ್ತದೆ. ಫೈಲಿಗೆ ಏನೂ ಆಗಿರುವುದಿಲ್ಲ, ಕಂಟ್ರೋಲ್ ಎಲ್ ಒತ್ತಿದರೆ ಹೋಗುತ್ತದೆ. ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ಒಳ್ಳೆ ಸಾಲುಗಳನ್ನು ಅಳಿಸಿಬಿಡುತ್ತಾರೆ. ಇನ್ನೊಂದು, ವಾಲ್‌ನಲ್ಲಿದ್ದ ಒಂದು ಭದ್ರತಾ ದೋಷ 2024ರ ಮಾರ್ಚ್‌ನಲ್ಲಿ ಬಯಲಾಯಿತು. ವಾಲ್ ಬರುವ ಪ್ಯಾಕೇಜಾದ ಯುಟಿಲ್-ಲಿನಕ್ಸ್ 2.40ರಲ್ಲಿ ಸರಿಪಡಿಸಿದ್ದಾರೆ, ಅಪ್‌ಡೇಟ್ ಮಾಡಿಕೊಳ್ಳಿ.

ವಿಂಡೋಸ್ ಆದರೆ ಎಂಎಸ್‌ಜಿ ಕಮಾಂಡಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಯಂತ್ರದಲ್ಲಿರುವ ಎಲ್ಲರಿಗೂ ಹೋಗುತ್ತದೆ. ಹೋಮ್ ಎಡಿಷನ್‌ನಲ್ಲಿ ಅದು ಇರುವುದಿಲ್ಲ. ಹಳಬರು ಹೇಳುವ ನೆಟ್ ಸೆಂಡ್ ವಿಸ್ಟಾದಿಂದಲೇ ಇಲ್ಲ, ಸುಮ್ನೆ ಹುಡುಕಬೇಡಿ.

ಪಾಪ್‌ಅಪ್ ಬೇಕೇ ಬೇಕು ಅಂದರೆ ಲಾಗಿನ್ ಆದ ಪ್ರತಿಯೊಬ್ಬರ ಯುಐಡಿ, ಅಂದರೆ ಬಳಕೆದಾರರ ಸಂಖ್ಯೆ ತೆಗೆಯಿರಿ. ರನ್ ಫೋಲ್ಡರ್, ಅದರಲ್ಲಿ ಯೂಸರ್, ಅದರಲ್ಲಿ ಆ ಯುಐಡಿ, ಅದರೊಳಗೆ ಬಸ್ ಎಂಬ ಸಾಕೆಟ್ (ಪ್ರೋಗ್ರಾಂಗಳು ಮಾತಾಡಿಕೊಳ್ಳುವ ವಿಶೇಷ ಫೈಲ್). ಅದನ್ನೇ ಡಿ-ಬಸ್ ವಿಳಾಸವಾಗಿ ಕೊಟ್ಟು, ಆ ಬಳಕೆದಾರರ ಹೆಸರಿನಲ್ಲೇ ಸುಡೋ (ಬೇರೆಯವರ ಹೆಸರಿನಲ್ಲಿ ಕಮಾಂಡ್ ಓಡಿಸುವ ಸಾಧನ) ಮೂಲಕ ನೋಟಿಫೈ-ಸೆಂಡ್ ಓಡಿಸಿ. ರೂಟ್ ಆಗಿಯೇ ಓಡಿಸಲು ಹೋದರೆ ಬಸ್ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಅರ್ಜೆನ್ಸಿ ಕ್ರಿಟಿಕಲ್ ಅಂತ ಹಾಕಿ, ಇಲ್ಲದಿದ್ದರೆ ಕಣ್ಣು ಹಾಯಿಸುವಷ್ಟರಲ್ಲಿ ಮಾಯ. ಎರರ್‌ಗಳನ್ನು ಒಂದು ಲಾಗ್ ಫೈಲಿಗೆ ಬರೆಸಿ. ಒಬ್ಬರಿಗೆ ಹೋಗದಿದ್ದರೂ ಶಟ್‌ಡೌನ್ ನಿಲ್ಲಲಿ, ಆಪರೇಟರ್ ನೋಡಿ ನಿರ್ಧರಿಸಲಿ. ಪರೀಕ್ಷೆ ಮಾಡುವಾಗ ಬೇರೆ ಇಬ್ಬರನ್ನು ಬೇರೆ ಸೀಟಿನಲ್ಲಿ ಕೂರಿಸಿ, ನೀವು ಲಾಗೌಟ್ ಆಗಿ, ಸ್ಕ್ರಿಪ್ಟನ್ನು ರೂಟ್‌ನ ಕ್ರಾನ್‌ನಿಂದ (ಹೇಳಿದ ಹೊತ್ತಿಗೆ ಹಿನ್ನೆಲೆಯಲ್ಲಿ ಕಮಾಂಡ್ ಓಡಿಸುವ ವ್ಯವಸ್ಥೆ) ಓಡಿಸಿ. ಅವರ ಹತ್ತಿರ ಹೋಗಿ ಬಂತಾ ಅಂತ ಕೇಳಿ.