ಪ್ರತಿಕ್ರಿಯೆ: ಸದಸ್ಯತ್ವಕ್ಕಿಂತ ಮೊದಲು ಒಂದು ಕೋಷ್ಟಕ

ಗಣಿತವನ್ನು ಪಿಯುಸಿಗೇ ಬಿಟ್ಟ ರಾಜ್ಯಶಾಸ್ತ್ರದ ಎಂ.ಎ. ಪದವೀಧರರು ಅಮೆರಿಕದ 'ಸೊಸೈಟಿ ಫಾರ್ ಪೊಲಿಟಿಕಲ್ ಮೆಥಡಾಲಜಿ' ಸೇರಬಹುದೇ, ಅದು ಮತಗಟ್ಟೆ ಸಮೀಕ್ಷೆ ನಡೆಸುವ ಸಂಸ್ಥೆಯೇ ಎಂದು ಕೇಳಿದ್ದೀರಿ.

ಅಲ್ಲ, ಅದು ರಾಜಕೀಯವನ್ನು ಅಂಕಿಅಂಶಗಳಿಂದ ಅಳೆಯುವ ವಿಧಾನಗಳನ್ನು ಅಧ್ಯಯನ ಮಾಡುವ ವಿದ್ವಾಂಸರ ಸಂಘ. ಯಾರು ಗೆಲ್ಲುತ್ತಾರೆ ಎನ್ನುವುದು ಅವರ ಕಸುಬಲ್ಲ. ಹಾಗೆ ಹೇಳುವವರ ಲೆಕ್ಕ ಸರಿಯೇ ಎಂದು ಕೆದಕುವುದು ಅವರ ಕೆಲಸ. ಉದಾಹರಣೆಗೆ, ಒಂದು ಊರಿನಲ್ಲಿ ಮತ ಹಾಕಿದವರು 100 ಜನ, ಅವರಲ್ಲಿ 60 ಹೆಂಗಸರು. ಒಂದು ಪಕ್ಷಕ್ಕೆ 60 ಮತ ಬಿದ್ದವು. ಹೆಂಗಸರೆಲ್ಲ ಅದಕ್ಕೇ ಹಾಕಿದರು ಎಂದು ಟಿ.ವಿ.ಯಲ್ಲಿ ಹೇಳಿಬಿಡುತ್ತಾರೆ. ಆದರೆ 40 ಗಂಡಸರೂ ಆ ಪಕ್ಷಕ್ಕೆ ಹಾಕಿದ್ದರೆ? ಆಗ ಹೆಂಗಸರ ಮತ ಬರೀ 20! ಗುಂಪಿನ ಒಟ್ಟು ಲೆಕ್ಕದಿಂದ ಒಬ್ಬೊಬ್ಬರ ನಡೆಯನ್ನು ಊಹಿಸುವ ಈ ಎಡವಟ್ಟನ್ನು ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲೇ ತೋರಿಸಿದ್ದರು. ರಾಜ್ಯಶಾಸ್ತ್ರಜ್ಞ ಗ್ಯಾರಿ ಕಿಂಗ್ 1997ರಲ್ಲಿ ಅದಕ್ಕೊಂದು ಪರಿಹಾರ ಮುಂದಿಟ್ಟರು, ಅದರ ಮೇಲೂ ಜಗಳವಾಯಿತು. ಸೊಸೈಟಿಯ ಜೀವಾಳವೇ ಇಂಥ ಜಗಳ.

ರಾಜ್ಯಶಾಸ್ತ್ರಜ್ಞ ಕ್ರಿಸ್ಟೋಫರ್ ಏಕನ್ ಸೊಸೈಟಿಯ ಮೊದಲ ಅಧ್ಯಕ್ಷರು. 1984ರಲ್ಲಿ ಶುರುವಾದ ಬೇಸಿಗೆ ಸಭೆಯಲ್ಲಿ ಈಗ ವಿದ್ಯಾರ್ಥಿಗಳೂ ಪೋಸ್ಟರ್ ಹಿಡಿದು ನಿಲ್ಲುತ್ತಾರೆ.

ಸೇರುವ ಮಾತಿಗೆ ಬಂದರೆ, ಸದ್ಯಕ್ಕೆ ಸದಸ್ಯತ್ವದ ಶುಲ್ಕ ಕಟ್ಟಬೇಡಿ. ಅವರ 'ಪೊಲಿಟಿಕಲ್ ಅನಾಲಿಸಿಸ್' ಪತ್ರಿಕೆಯ ಲೇಖಕರು ದತ್ತಾಂಶ, ಅದನ್ನು ಲೆಕ್ಕ ಹಾಕಿದ ಕಂಪ್ಯೂಟರ್ ಕೋಡ್ ಎರಡನ್ನೂ ಹಾರ್ವರ್ಡ್ ಡೇಟಾವರ್ಸ್ ಎಂಬ ಆನ್‌ಲೈನ್ ದತ್ತಾಂಶ ಭಂಡಾರದಲ್ಲಿ ಇಡಬೇಕು. ಯಾವುದಾದರೂ ಒಂದು ಲೇಖನದವನ್ನು ಇಳಿಸಿಕೊಂಡು, ಲೇಖನದ ಮೊದಲ ಕೋಷ್ಟಕ ನಿಮ್ಮ ಕಂಪ್ಯೂಟರಿನಲ್ಲೂ ಬರುವವರೆಗೆ ಒದ್ದಾಡಿ. ನನಗೆ ಎರಡು ವಾರ ಹಿಡಿಯಿತು. ಕಾರಣ, ಸಮೀಕ್ಷೆಯಲ್ಲಿ ಜನ ಉತ್ತರಿಸದೆ ಬಿಟ್ಟ ಪ್ರಶ್ನೆಗಳನ್ನೆಲ್ಲ ಕಂಪ್ಯೂಟರಿಗೆ ಸೊನ್ನೆ ಎಂದು ಓದಿಸಿದ್ದೆ.