ಎರಡನೇ ಭಾನುವಾರ ಯಾಕೆ ಬರಲಿಲ್ಲ?

ರಾಯಚೂರಿನಿಂದ ಒಂದು ಪತ್ರ ಬಂದಿದೆ. ಬರೆದವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಎಂಜಿನಿಯರಿಂಗ್ ಮುಗಿಸಿದ ನಾಲ್ಕು ಜನ ಗೆಳೆಯರು ಸೇರಿ ಜೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಪ್ರತಿ ಭಾನುವಾರ ಸಂಜೆ ಆರರಿಂದ ಒಂಬತ್ತರವರೆಗೆ ಕಂಪ್ಯೂಟರ್ ಕೂಟ ನಡೆಸುತ್ತಾರೆ. ಫೀಸಿಲ್ಲ. ಲಿನಕ್ಸ್ ಹಾಕುವುದು, ಪೈಥಾನ್, ಕನ್ನಡ ಟೈಪಿಂಗ್, ಕೆಟ್ಟ ಲ್ಯಾಪ್‌ಟಾಪ್ ಬಿಚ್ಚಿ ನೋಡುವುದು, ಎಲ್ಲಾ ಉಂಟು. ಅವರ ಮಾತಿನಲ್ಲೇ ಕೇಳಿ: "ಒಂದು ವರ್ಷ ಆಯಿತು. ಮೂವತ್ತು ಹುಡುಗರು ತಪ್ಪದೆ ಬರ್ತಾರೆ. ಮೂರು ಜನ ಹುಡುಗಿಯರು ಒಂದು ವಾರ ಬಂದರು, ಮುಂದಿನ ವಾರ ಇಲ್ಲ. ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆ ಕನ್ನಡ ಟೈಪಿಂಗಿನ 'ನುಡಿ' ತಂತ್ರಾಂಶ ಕಲಿಯಬೇಕು ಅಂತ ಬಂದಿದ್ದರು, ಅವರದೂ ಒಂದೇ ದಿನ. ನಾವು ಯಾರಿಗೂ ಬೇಡ ಅಂದಿಲ್ಲ. ಬಾಗಿಲು ಎಲ್ಲರಿಗೂ ತೆರೆದೇ ಇದೆ. ಇನ್ನೇನು ಮಾಡಬೇಕು? ಒಂದು ನಿಯಮಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಸಾಕಾ?"

ತಮ್ಮಾ, ನೀವು ಬಂದವರ ಜೊತೆ ಬಿಟ್ಟುಹೋದವರ ಲೆಕ್ಕವನ್ನೂ ಇಟ್ಟಿದ್ದೀರಿ. ಅದಕ್ಕೇ ಈ ಉತ್ತರ ಉದ್ದವಾಗುತ್ತಿದೆ. "ಹೆಣ್ಣುಮಕ್ಕಳಿಗೆ ಇದರಲ್ಲಿ ಆಸಕ್ತಿ ಇಲ್ಲ ಬಿಡ್ರಿ" ಎಂದು ಕೈ ತೊಳೆದುಕೊಳ್ಳುವವರೇ ಜಾಸ್ತಿ. ಆ ನಾಲ್ವರೂ ಮೆಟ್ಟಿಲು ಹತ್ತಿ ಬಂದಿದ್ದರು, ಆಸಕ್ತಿ ಇದ್ದೇ ಬಂದಿದ್ದರು. ಹಾಗಾದರೆ ಹುಡುಕಬೇಕಾದದ್ದು ಮೊದಲ ಭಾನುವಾರಕ್ಕೂ ಎರಡನೆಯದಕ್ಕೂ ನಡುವೆ ಏನಾಯಿತು ಎನ್ನುವುದನ್ನು.

ನಾನು 1986ರಲ್ಲಿ ಗಂಗಾವತಿಯಲ್ಲಿ ಟೈಪಿಂಗ್ ಕಲಿತವಳು. ಆಗ ಟೈಪ್‌ರೈಟರೇ ನಮ್ಮ ಪಾಲಿನ ಕಂಪ್ಯೂಟರ್. ನಮ್ಮ ಬ್ಯಾಚಿನಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚಿದ್ದೆವು. ಯಾರೂ ನಮ್ಮನ್ನು ಕೈಮುಗಿದು ಕರೆದಿರಲಿಲ್ಲ. ಮತ್ತೆ ಹೇಗೆ ತುಂಬಿತು? ಈಗ ಯೋಚಿಸಿದರೆ ತಿಳಿಯುತ್ತದೆ. ಕೋಣೆ ಕೆಳಮಹಡಿಯಲ್ಲಿತ್ತು, ರಸ್ತೆಗೆ ಎರಡು ದೊಡ್ಡ ಕಿಟಕಿ. ಒಳಗೆ ಯಾರಿದ್ದಾರೆ ಎಂದು ಹೋಗಿ ಬರುವವರಿಗೆಲ್ಲ ಕಾಣುತ್ತಿತ್ತು. ಬ್ಯಾಚು ಒಂದೇ ಗಂಟೆ, ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಿದ್ದೆವು. ಮಾಸ್ತರರ ಹೆಂಡತಿ ಬಾಗಿಲ ಹತ್ತಿರ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದರು. ಒಬ್ಬರಿಗೆ ಒಂದು ಮಷೀನು. 'ಎ ಎಸ್ ಡಿ ಎಫ್' ಒತ್ತಿ ಒತ್ತಿ ಬೆರಳು ನೋಯುತ್ತಿದ್ದರೂ ಹಿಂದಿನಿಂದ ಬಂದು "ಸರಿ ಸರಿ, ನಾನು ಮಾಡಿ ತೋರಿಸ್ತೀನಿ" ಎನ್ನುವವರು ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಗೆ ಜೂನಿಯರ್ ಪರೀಕ್ಷೆ ಇತ್ತು. ಅಪ್ಪನಿಗೆ ತೋರಿಸಲು ಒಂದು ಹಾಲ್ ಟಿಕೆಟ್ ಇತ್ತು.

ನಿಮ್ಮ ಕೂಟದ ಹುಡುಗಿ ಮನೆಯಲ್ಲಿ ಏನು ಹೇಳಿ ಬರಬೇಕು? "ಕೂಟಕ್ಕೆ ಹೋಗ್ತೀನಿ" ಅಂದರೆ ಮುಗಿಯಿತು. "ಎಂಟು ವಾರದ ಕ್ಲಾಸು, ಈ ತಾರೀಖಿಗೆ ಮುಗಿಯುತ್ತೆ, ಇವರು ಕಲಿಸ್ತಾರೆ" ಎಂದರೆ ಮಾತು ಬೇರೆಯಾಗುತ್ತದೆ. ಒಂದು ಚೀಟಿ ಅಚ್ಚು ಹಾಕಿಸಿ, ಕೆಳಗೇ ಜೆರಾಕ್ಸ್ ಅಂಗಡಿ ಇದೆಯಲ್ಲ. ಟೈಪಿಂಗ್ ಶಾಲೆಯನ್ನು ನಾನು ಸುಮ್ನೆ ಹೊಗಳುತ್ತಿಲ್ಲ. ಅಲ್ಲಿ ನಮಗೆ ಕಲಿಸಿದ್ದು ಬೇರೆಯವರು ಬರೆದದ್ದನ್ನು ಅಚ್ಚುಕಟ್ಟಾಗಿ ಟೈಪ್ ಮಾಡುವುದನ್ನು ಮಾತ್ರ. ದೇವಿಗೆ ಮುಡಿಪಾದ ಜೋಗಮ್ಮನೋ, ಹೆಣ್ಣಾಗಿ ಬಾಳುವ ಜೋಗಪ್ಪನೋ ಆ ಬೆಂಚಿನಲ್ಲಿ ಕೂತಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ, ಯಾಕೆ ಎಂದು ಕೇಳಿಕೊಳ್ಳಲೂ ಇಲ್ಲ.

ಹೊತ್ತಿನ ವಿಷಯ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಲಿಂಗತ್ವ ಅಲ್ಪಸಂಖ್ಯಾತರಿಗೂ ಇಲ್ಲ. ಮಾನ್ವಿಯಿಂದ, ದೇವದುರ್ಗದಿಂದ ಬರಲು ಖರ್ಚು ಅಡ್ಡಿಯಲ್ಲ ಎಂದಾಯಿತು. ಆದರೆ ರಾತ್ರಿ ಒಂಬತ್ತಕ್ಕೆ ಕೂಟ ಬಿಟ್ಟರೆ ಬಸ್ ಸ್ಟ್ಯಾಂಡಿಗೆ ಯಾವಾಗ ಮುಟ್ಟುವುದು, ಊರಿಗೆ ಯಾವಾಗ? ಬೆಳಿಗ್ಗೆ ಎಂಟರಿಂದ ಹನ್ನೊಂದು ಮಾಡಿ. ನಿಮ್ಮ ಹುಡುಗರು ಭಾನುವಾರ ಅಷ್ಟು ಬೇಗ ಏಳುವುದಿಲ್ಲ ಎಂದು ಗೊತ್ತು. ಏಳಲಿ. ರಾಯಚೂರಿನ ಮೇ ತಿಂಗಳಿಗೆ ಹೇಗೂ ಅದೇ ಒಳ್ಳೆಯ ಹೊತ್ತು. ಇನ್ನು ಶೌಚಾಲಯ. ಪತ್ರದಲ್ಲಿ ಅದರ ಮಾತೇ ಇಲ್ಲ. ಗಂಡಸರಿಗೆ ಹಿಂದಿನ ಗೋಡೆ ಇರುತ್ತದೆ, ಅದಕ್ಕೇ ನೆನಪಾಗುವುದಿಲ್ಲ. ಒಳಗಿನಿಂದ ಚಿಲಕ ಬೀಳುವ, ನೀರಿರುವ ಒಂದು ಶೌಚಾಲಯ ಸಾಕು. ಅದಕ್ಕೆ ಗಂಡು ಹೆಣ್ಣು ಬೋರ್ಡೂ ಬೇಡ. ಅದಿಲ್ಲದಿದ್ದರೆ ಕೋಣೆಯನ್ನೇ ಬದಲಿಸಿ.

ಆ ಹುಡುಗಿಯರನ್ನು ಅವತ್ತೇ ವಾಟ್ಸ್‌ಆ್ಯಪ್ ಗ್ರೂಪಿಗೆ ಸೇರಿಸಿದಿರಿ, ಅಲ್ವಾ? ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ, "ಮೂವರೂ ಎರಡು ದಿನಕ್ಕೆ ಗ್ರೂಪ್ ಬಿಟ್ಟರು" ಅಂತ. ನನಗೆ ಅನುಮಾನ ಇರುವುದು ಇಲ್ಲೇ. ಗ್ರೂಪಿಗೆ ಹಾಕಿದ ಕೂಡಲೇ ಅವರ ನಂಬರು ಮೂವತ್ತು ಅಪರಿಚಿತರ ಕೈಗೆ ಹೋಯಿತು. ಅವರಲ್ಲಿ ಇಪ್ಪತ್ತೊಂಬತ್ತು ಜನ ಸಭ್ಯರೇ ಇರಲಿ. ಉಳಿದ ಒಬ್ಬ ರಾತ್ರಿ ಹನ್ನೊಂದಕ್ಕೆ "ಹಾಯ್, ಊಟ ಆಯ್ತಾ" ಎಂದು ಕಳಿಸಿದರೆ ಸಾಕು. ಆ ಮೆಸೇಜನ್ನು ಅಣ್ಣನೋ ಅಪ್ಪನೋ ನೋಡಿದರೆ ಬರೀ ಕೂಟವಲ್ಲ, ಫೋನೇ ಹೋಗುತ್ತದೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇಂಟರ್ನೆಟ್ಟನ್ನು ಒಮ್ಮೆಯಾದರೂ ಬಳಸಿದ ಹೆಂಗಸರು ದೇಶದಲ್ಲಿ ಶೇ 33, ಗಂಡಸರು ಶೇ 57. ಹುಡುಗಿಯ ಕೈಗೆ ಫೋನು ಬಂದಿರುವುದೇ ಎಷ್ಟೋ ಮನೆಗಳಲ್ಲಿ ಷರತ್ತಿನ ಮೇಲೆ. ಟೆಲಿಗ್ರಾಮಿನಲ್ಲಿ ನಂಬರ್ ಯಾರಿಗೂ ಕಾಣದಂತೆ ಇಟ್ಟುಕೊಳ್ಳಬಹುದು. ಅದೂ ಬೇಡವೆಂದರೆ ಮುಂದಿನ ವಾರದ ವಿಷಯವನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಕೇಳದೆ ಯಾರನ್ನೂ ಯಾವ ಗ್ರೂಪಿಗೂ ಸೇರಿಸಬೇಡಿ.

ಈಗ ಮಾತಿನ ವಿಷಯ. ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಹದಿನೈದು ವರ್ಷದ ಹಿಂದೆ ನಮ್ಮ ಪತ್ರಿಕೆಯಲ್ಲಿ ಹುಲಿಗೆಮ್ಮನ ಜಾತ್ರೆಯ ಫೋಟೋ ಹಾಕಿದ್ದೆವು. ಚೌಡಿಕೆ ವಾದ್ಯ ಹಿಡಿದ ಒಬ್ಬ ಜೋಗತಿ, ಟ್ರಾನ್ಸ್ ಮಹಿಳೆ. ಕೆಳಗೆ ನಾನೇ ಎರಡು ಸಾಲು ಬರೆದಿದ್ದೆ, 'ಅವನು' ಎಂದು. ಮುಂದಿನ ವಾರ ಅವರು ಆ ಪುಟ ಹಿಡಿದು ಕೊಪ್ಪಳದ ನಮ್ಮ ಕಚೇರಿಗೆ ಬಂದರು. ಜಗಳ ಮಾಡಲಿಲ್ಲ. "ನನ್ನ ಮಾರಿ ನೋಡಿ ಇದನ್ನ ಓದ್ರೀ" ಎಂದರು. ಓದಲು ಆಗಲಿಲ್ಲ. ತಿದ್ದುಪಡಿಯನ್ನೂ ಹಾಕಿದೆವು, ಒಳಪುಟದ ಮೂಲೆಯಲ್ಲಿ, ಯಾರಿಗೂ ಕಾಣದ ಹಾಗೆ. ಆ ಮೂಲೆಗೆ ಈಗ ಹೆಚ್ಚು ನಾಚಿಕೆಯಾಗುತ್ತದೆ.

ನಮ್ಮ ಭಾಗದಲ್ಲಿ ಗೆಳೆಯರ ನಡುವೆ 'ಲೇ' ಇಲ್ಲದೆ ಮಾತೇ ಹೊರಡುವುದಿಲ್ಲ. ಮೂವತ್ತು ಹುಡುಗರ ಕೋಣೆಯಲ್ಲಿ ಅದು ಪ್ರೀತಿ. ಹೊಸದಾಗಿ ಬಂದವರ ಕಿವಿಗೆ ಅದು ಗದ್ದಲ, ಕೆಲವರಿಗೆ ಹೆದರಿಕೆ. ಆದರೆ ನಮ್ಮಲ್ಲೇ ಇನ್ನೊಂದು ಅಕ್ಷರವೂ ಇದೆ, 'ರೀ'. "ಬರ್ರಿ, ಕೂಡ್ರಿ, ಏನ್ ಕಲೀತೀರಿ?" ಗಂಡಿಗೂ ಅದೇ, ಹೆಣ್ಣಿಗೂ ಅದೇ, ಎರಡೂ ಅಲ್ಲ ಎನ್ನುವವರಿಗೂ ಅದೇ. ಸರ್ ಅನ್ನಬೇಕೋ ಮೇಡಂ ಅನ್ನಬೇಕೋ ಎಂದು ಒದ್ದಾಡುವ ಅಗತ್ಯವೇ ಇಲ್ಲ. ಅವರಿಲ್ಲದಾಗ ಅವರ ಬಗ್ಗೆ ಮಾತಾಡಲು 'ಅವರು' ಇದೆ. ಇಂಗ್ಲಿಷಿನವರು ಇದಕ್ಕಾಗಿ ವರ್ಷಗಟ್ಟಲೆ ಜಗಳ ಆಡುತ್ತಿದ್ದಾರೆ, ನಮಗೆ ಅಜ್ಜಿಯ ಕಾಲದಿಂದ ಪುಕ್ಕಟೆ ಸಿಕ್ಕಿದೆ. ಹಾಜರಿ ಪುಸ್ತಕದಲ್ಲಿ ಗಂಡು, ಹೆಣ್ಣು, ಇತರೆ ಎಂಬ ಕಾಲಂ ಇದ್ದರೆ ಗೆರೆ ಎಳೆದು ತೆಗೆಯಿರಿ. ನಿಮಗೇಕೆ ಅದು? ಆಧಾರ್‌ನಲ್ಲಿ ಏನೇ ಇರಲಿ, ಅವರು ಹೇಳಿದ ಹೆಸರನ್ನೇ ಬರೆದುಕೊಳ್ಳಿ. ತಾನು ಯಾರೆಂದು ಹೇಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ.

ಇನ್ನೊಂದು. ಆ ಮಹಿಳೆ ಬಂದ ದಿನ ನಿಮ್ಮಲ್ಲೊಬ್ಬ ಹಿಂದಿನ ಸಾಲಿನಿಂದ ಚಪ್ಪಾಳೆ ತಟ್ಟಿ ನಕ್ಕ, ನೀವು "ತಮಾಷೆಗೆ" ಎಂದು ಬರೆದಿದ್ದೀರಿ. ಅವನ ಜೇಬಿನಲ್ಲಿರುವ ಫೋನನ್ನು ಹೊರಗೆ ತೆಗೆಸಿ. ಅದರೊಳಗಿನ ಚಿಪ್ಪು ಹೆಚ್ಚುಕಡಿಮೆ ಖಂಡಿತ ಆರ್ಮ್ ಜಾತಿಯದು. 1985ರಲ್ಲಿ ಮೊದಲ ಆರ್ಮ್ ಚಿಪ್ಪು ಬಂತಲ್ಲ, ಅದಕ್ಕೆ ಆಜ್ಞೆಗಳ ಭಾಷೆಯನ್ನು ರೂಪಿಸಿದ ಸೋಫಿ ವಿಲ್ಸನ್ ಟ್ರಾನ್ಸ್ ಮಹಿಳೆ. ಅಮೆರಿಕದ ಲಿನ್ ಕಾನ್ವೇ ಕಥೆಯನ್ನೂ ಹೇಳಿ. ತಾನು ಹೆಣ್ಣಾಗಿ ಬದುಕುತ್ತೇನೆ ಎಂದಿದ್ದಕ್ಕೆ 1968ರಲ್ಲಿ ಐಬಿಎಂ ಅವರನ್ನು ಕೆಲಸದಿಂದ ತೆಗೆಯಿತು. ಅವರು ಬೇರೆ ಹೆಸರಿನಲ್ಲಿ ಮೊದಲಿನಿಂದ ಶುರು ಮಾಡಿ, ಲಕ್ಷಾಂತರ ಭಾಗಗಳ ಚಿಪ್ಪನ್ನು ವಿನ್ಯಾಸ ಮಾಡುವುದು ಹೇಗೆಂದು ಒಂದು ತಲೆಮಾರಿನ ಎಂಜಿನಿಯರುಗಳಿಗೆ ಕಲಿಸಿದರು. ಕಂಪನಿ ಕ್ಷಮೆ ಕೇಳಿದ್ದು 2020ರಲ್ಲಿ. ಐವತ್ತೆರಡು ವರ್ಷ!

ಅಷ್ಟು ದೂರ ಬೇಡವೆಂದರೆ ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಗೆ ಬನ್ನಿ. ಟ್ರಾನ್ಸ್ ಮಹಿಳೆ, ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು, ನಾವೆಲ್ಲ ಹೆಮ್ಮೆಪಟ್ಟೆವು. ವೇದಿಕೆಯ ಮೇಲೆ ಕೊಡ ಹೊತ್ತು ಕುಣಿದರೆ ಕೈತಟ್ಟುವುದು ನಮಗೆ ಸುಲಭ. ಅದೇ ಬಳಗದ ಒಬ್ಬರು ಪಕ್ಕದ ಕುರ್ಚಿಯಲ್ಲಿ ಕೂತು ಕೀಬೋರ್ಡ್ ಹಿಡಿದರೆ ಕುರ್ಚಿ ಸರಿಸಿಕೊಳ್ಳುತ್ತೇವೆ. ಅವರು ಮತ್ತೆ ಬಂದರೆ "ನಿಮ್ಮ ಜೀವನದ ಬಗ್ಗೆ ನಾಲ್ಕು ಮಾತಾಡಿ" ಎಂದು ಮಾತ್ರ ಕೇಳಬೇಡಿ. ಅವರು ಬಂದದ್ದು ನುಡಿ ಕಲಿಯಲು.

ಕಲಿಸುವಾಗ ಕೀಬೋರ್ಡು, ಮೌಸು ಕಲಿಯುವವರ ಕೈಯಲ್ಲೇ ಇರಲಿ. ಹೇಳಿಕೊಡುವವನು ಕೈ ಹಿಂದೆ ಕಟ್ಟಿ ಬಾಯಲ್ಲಿ ಹೇಳಲಿ. ಹುಡುಗರಿಗೆ ಇದೇ ಎಲ್ಲಕ್ಕಿಂತ ಕಷ್ಟ, ನೋಡಿ ಬೇಕಾದರೆ. ಮಹಿಳಾ ದಿನಕ್ಕೆ ರಂಗೋಲಿ, ಸ್ವಾಗತ, ನಿರೂಪಣೆಯನ್ನು ಹುಡುಗಿಯರಿಗೆ ಹಚ್ಚುವುದನ್ನೂ ಬಿಡಿ.

ನಿಯಮಪಟ್ಟಿ ಕೇಳಿದ್ದಿರಿ. ಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್ ಕಟ್ಟುವವರೇ 2018ರಲ್ಲಿ ಒಂದು ಲಿಖಿತ ನಡವಳಿಕೆ ನಿಯಮವನ್ನು ಒಪ್ಪಿಕೊಂಡಿದ್ದಾರೆ. ಆದರೆ ಅದನ್ನು ಹಾಗೇ ಇಳಿಸಿ ಅಂಟಿಸಬೇಡಿ, ಯಾರೂ ಓದುವುದಿಲ್ಲ. ಅರ್ಧ ಪುಟ, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ: ಇಲ್ಲಿ ಏನು ನಡೆಯುವುದಿಲ್ಲ, ನಡೆದರೆ ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ. ದೂರು ಕೇಳುವ ಇಬ್ಬರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ, ಇಬ್ಬರೂ ನಿಮ್ಮ ನಾಲ್ಕು ಜನರ ಬಳಗದ ಹೊರಗಿನವರಾಗಿರಲಿ. ದೂರು ನಿಮ್ಮ ಗೆಳೆಯನ ಮೇಲೇ ಬಂದರೆ ನೀವು ಏನು ಮಾಡುತ್ತೀರಿ ಎಂದು ನಿಮಗೇ ಗೊತ್ತು. ಚಪ್ಪಾಳೆ ತಟ್ಟಿದವನನ್ನು ಒಂದು ತಿಂಗಳು ಹೊರಗಿಡಿ. ಪಟ್ಟಿ ಅಂಟಿಸುವ ಮೊದಲೇ ಇಡಿ.

ಕೊನೆಗೆ ನಮ್ಮ ಸ್ವಂತ ಕೆಲಸದ ಮಾತು. ನಮ್ಮ ಕಚೇರಿಯಲ್ಲಿ ಪುಟ ಕಟ್ಟುವವರು ಮಾರ್ಚಿಗೆ ಕೆಲಸ ಬಿಡುತ್ತಿದ್ದಾರೆ. ನುಡಿಯಲ್ಲಿ ಟೈಪ್ ಬರುವವರು ಬೇಕು, ವೇಗ ಕಡಿಮೆ ಇದ್ದರೂ ನಡೆಯುತ್ತದೆ, ಸಂಬಳ ಈಗಿನವರಿಗೆ ಕೊಡುವಷ್ಟೇ. ನುಡಿ ಕಲಿಯಲು ಬಂದಿದ್ದ ಆ ಮಹಿಳೆಯ ವಿಳಾಸ ನನಗೆ ಕಳಿಸಬೇಡಿ, ನಮ್ಮದನ್ನು ಅವರಿಗೆ ಕೊಡಿ. ಕಲಿಯಲು ಎಷ್ಟು ಭಾನುವಾರ ಬೇಕಾಗುತ್ತದೆ ಎಂದು ಮಾತ್ರ ನೀವು ಬರೆಯಿರಿ.

– ಸಂಪಾದಕಿ