ಪ್ರತಿಕ್ರಿಯೆ: ಗಣಿತವೂ ಬೇಕು, ಆಸ್ಪತ್ರೆ ಕ್ಷೇತ್ರವೂ ಬೇಕು ಅಂದರೆ

ತಂಗಿ ಪಿಸಿಎಂಬಿ ಮುಗಿಸಿದ್ದಾಳೆ, ನೀಟ್ ಕೈಹಿಡಿಯಲಿಲ್ಲ, ಗಣಿತ ಇಷ್ಟ, ಮನೆಯವರು ಆಸ್ಪತ್ರೆ ಆಡಳಿತದ ಬಿಬಿಎ ಅನ್ನುತ್ತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನನ್ನನ್ನು ಕೇಳಿದರೆ ಈಗಲೇ ಬಿಬಿಎ ಬೇಡ. ಆಡಳಿತ ಓದುವುದಕ್ಕೆ ಡಿಗ್ರಿ ಆದಮೇಲೂ ದಾರಿ ಇದೆ. ಆಸ್ಪತ್ರೆ ಆಡಳಿತದಲ್ಲೇ ಎರಡು ವರ್ಷದ ಸ್ನಾತಕೋತ್ತರ ಪದವಿ, ಎಂಎಚ್‌ಎ ಇರುವುದೇ ಅದಕ್ಕೆ. ಆದರೆ ಮೂರು ವರ್ಷ ಗಣಿತ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ, ಅಲ್ವಾ?

ಬಿಎಸ್ಸಿಗೆ ಗಣಿತ, ಸಂಖ್ಯಾಶಾಸ್ತ್ರ ತೆಗೆದುಕೊಳ್ಳಲಿ. ಆಮೇಲೆ ಎಂಎಸ್ಸಿ ಬಯೋಸ್ಟ್ಯಾಟಿಸ್ಟಿಕ್ಸ್, ಅಂದರೆ ವೈದ್ಯಕೀಯ ಸಂಶೋಧನೆಗೆ ಬೇಕಾದ ಸಂಖ್ಯಾಶಾಸ್ತ್ರ, ಮಾಡಬಹುದು. ಮಣಿಪಾಲದಲ್ಲಿದೆ, ವೆಲ್ಲೂರಿನ ಸಿಎಂಸಿಯಲ್ಲೂ ಇದೆ. ಹೊಸ ಔಷಧಿಯ ಪ್ರಯೋಗ ಅಂದರೆ ಎಷ್ಟು ರೋಗಿಗಳು ಬೇಕು, ಯಾರಿಗೆ ಔಷಧಿ, ಯಾರಿಗೆ ಔಷಧಿಯೇ ಇಲ್ಲದ ಹುಸಿಮಾತ್ರೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಹೇಗೆ ಹಂಚಬೇಕು, ಕೊನೆಗೆ ಕಂಡ ವ್ಯತ್ಯಾಸ ಔಷಧಿಯದೋ ಬರೀ ಆಕಸ್ಮಿಕವೋ, ಇದೆಲ್ಲ ಲೆಕ್ಕ ಹಾಕುವವರು ಬಯೋಸ್ಟ್ಯಾಟಿಸ್ಟಿಕ್ಸ್ ಓದಿದವರೇ. ವೈದ್ಯರ ಪಕ್ಕದಲ್ಲೇ ಕೂತು ಮಾಡುವ ಕೆಲಸ. ಬೆಂಗಳೂರಿನ ಔಷಧಿ ಸಂಶೋಧನಾ ಕಂಪನಿಗಳಲ್ಲಿ ಸ್ಯಾಸ್, ಆರ್ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಬಲ್ಲವರಿಗೆ ಕೆಲಸ ಇದೆ. ಆರ್ ಉಚಿತ. ರಜೆಯಲ್ಲೇ ಶುರು ಮಾಡಲಿ.

ವ್ಯವಹಾರದ ಕಡೆ ಒಲವಿದ್ದರೆ ಆಕ್ಚುವರಿ ಆಗಬಹುದು. ಆರೋಗ್ಯ ವಿಮೆಯ ಕಂತು ಎಷ್ಟಿರಬೇಕು ಅಂತ ಲೆಕ್ಕ ಹಾಕುವ ಕೆಲಸ ಅದು. ಪಿಯುಸಿ ಆದವರೂ ಅದರ ಪ್ರವೇಶ ಪರೀಕ್ಷೆ ಎಸೆಟ್ ಬರೆಯಬಹುದು. ಮುಂದಿನ ಪರೀಕ್ಷೆಗಳು ಮಾತ್ರ ಸುಮ್ನೆ ಅಲ್ಲ, ವರ್ಷಗಟ್ಟಲೆ ಎಳೆಯುತ್ತವೆ.

ಒಂದು ವಿಷಯ: ಎಂಎಸ್ಸಿಗೆ ಡಿಗ್ರಿಯಲ್ಲಿ ಯಾವ ವಿಷಯ ಓದಿರಬೇಕು ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಬಿಎಸ್ಸಿ ಸೇರುವ ಮೊದಲೇ ಪ್ರಾಸ್ಪೆಕ್ಟಸ್ ತೆಗೆದು ನೋಡಿ.